ತದಡಿ–ಅಘನಾಶಿನಿ ತಾರಿ: ಇಳಿತದ ಹೊತ್ತು ನೋಡಿಕೊಂಡು ಹೋಗಿ

ನನ್ನ ತವರು ಗೋಕರ್ಣದ ಕಡೆ, ಸೇರಿದ ಮನೆ ಅಘನಾಶಿನಿ ಕಡೆ. ನಡುವೆ ಅಘನಾಶಿನಿ ಹೊಳೆ, ಗೋಕರ್ಣದ ಕಡೆಯ ದಡದಲ್ಲಿ ತದಡಿ. ರಸ್ತೆ ಹಿಡಿದರೆ ಕುಮಟಾ, ಮಿರ್ಜಾನ್, ಮಾದನಗೇರಿ ಅಂತ 30 ಕಿ.ಮೀ.ಗೂ ಜಾಸ್ತಿ ಸುತ್ತು. ಬೋಟಿನಲ್ಲಾದರೆ ಸೀದಾ ಎದುರಿನ ದಡ. ಹಾಗಾಗಿ ಎಷ್ಟೋ ವರ್ಷಗಳಿಂದ ನಾನು ತಾರಿಯ, ಅಂದರೆ ಹೊಳೆ ದಾಟಿಸುವ ಬೋಟಿನ, ಖಾಯಂ ಗಿರಾಕಿ.

ದೂರು ಮೊದಲೇ ಹೇಳಿಬಿಡುತ್ತೇನೆ. ನೀರು ಇಳಿದಿದ್ದಾಗ ಸ್ಕೂಟರ್ ಹತ್ತಿಸುವುದು ದೊಡ್ಡ ತಲೆನೋವು. ಬೋಟು ಧಕ್ಕೆಗಿಂತ (ಬೋಟು ನಿಲ್ಲುವ ಕಟ್ಟೆಗಿಂತ) ಕೆಳಗೆ ಹೋಗಿರುತ್ತದೆ. ಒಬ್ಬರು ಮುಂದೆ ಹ್ಯಾಂಡಲ್ ಹಿಡಿಯಬೇಕು, ಇನ್ನೊಬ್ಬರು ಹಿಂದಿನಿಂದ ಜಗ್ಗಿ ಹಿಡಿಯಬೇಕು. ಹೆದರಿ ನಾನು ಬ್ರೇಕ್ ಒತ್ತಿದರೆ, "ಅಕ್ಕಾ, ಬ್ರೇಕ್ ಬಿಡಿ ಮಾರಾಯ್ರೆ!" ಅಂತ ಕೂಗು. ಡಿಕ್ಕಿಯಲ್ಲಿ ಅಮ್ಮ ಕೊಟ್ಟ ಉಪ್ಪಿನಕಾಯಿ ಬಾಟಲಿ ಬೇರೆ. ಮಳೆಯಲ್ಲಿ ಹಲಗೆ ಜಾರುವಾಗ ಆ ಬಾಟಲಿಯದ್ದೇ ಚಿಂತೆ. ನೀರು ತುಂಬಿದ್ದಾಗ ಇದೇ ಕೆಲಸ ಸಲೀಸು. ಅದಕ್ಕೇ ನಾನೀಗ ಹುಣ್ಣಿಮೆ, ಅಮಾವಾಸ್ಯೆ ಲೆಕ್ಕ ಹಾಕಿಯೇ ತವರಿಗೆ ಹೊರಡುವುದು. ಆಗ ಇಳಿತ ಇನ್ನೂ ಜೋರು.

ಹತ್ತಿ ಕೂತ ಮೇಲೆ ಮಾತ್ರ ಸಿಟ್ಟು ನಿಲ್ಲುವುದಿಲ್ಲ. ಹೊಳೆ ಕಡಲು ಸೇರುವ ಅಳಿವೆ ಕಡೆಯಿಂದ ಗಾಳಿ ಬರುತ್ತದೆ. ನನ್ನನ್ನು ಗೋಳಾಡಿಸುವ ಇಳಿತದಲ್ಲೇ ಹೆಂಗಸರು ಹೊಳೆಗೆ ಇಳಿದು ಬೆಳಚು (ಚಿಪ್ಪುಮೀನು) ಹೆಕ್ಕುತ್ತಿರುತ್ತಾರೆ. ನನಗೆ ಕಿರಿಕಿರಿಯಾಗುವ ಹೊತ್ತು ಅವರಿಗೆ ದುಡಿಮೆಯ ಹೊತ್ತು. ಬೋಟಿನಲ್ಲಿ ಮೀನು ಬುಟ್ಟಿಯವರು ಪಕ್ಕಕ್ಕೆ ಕೂತರಂತೂ ಮನೆಗೆ ಮುಟ್ಟುವ ಮೊದಲೇ ಸಾರಿನ ಯೋಚನೆ ಶುರು.

ತದಡಿಗೆ ಮೊದಲ ಸಲ ಬಂದವರು ಬೋಟುಗಳು, ಬಲೆಗಳು, ಮೀನಿನ ವಾಸನೆ ನೋಡಿ "ಇಷ್ಟೇನಾ ಬಂದರು?" ಅನ್ನುತ್ತಾರೆ. ಆದರೆ ಮಿರ್ಜಾನ್ ಕೋಟೆ ಇರುವುದು ಇದೇ ಹೊಳೆಯ ಮೇಲ್ಗಡೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂದರು. ಅವಳ ಕಾಲದಲ್ಲಿ, 16ನೇ ಶತಮಾನದಲ್ಲಿ, ಘಟ್ಟದ ಕಾಳುಮೆಣಸು ಮಿರ್ಜಾನಿನಿಂದ ಕಡಲಿಗೆ ಹೋಗಬೇಕಾದರೆ ಇದೇ ಅಳಿವೆ ದಾಟಬೇಕಿತ್ತು. ನಮ್ಮ ಕಾಲಕ್ಕೆ ಇಲ್ಲಿ 4000 ಮೆಗಾವ್ಯಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ತರುವ ಮಾತು ಬಂತು. ಊರವರು, ವಿಜ್ಞಾನಿಗಳು ವಿರೋಧಿಸಿದರು, ಅದು ನಿಂತಿತು. 2024ರಲ್ಲಿ ಅಘನಾಶಿನಿ ಅಳಿವೆ ರಾಮ್‌ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ಸ್ಥಾವರ ಬಂದಿದ್ದರೆ ಬೆಳಚು ಎಲ್ಲಿರುತ್ತಿತ್ತು, ಅಲ್ವಾ?

ಕಾರಿನವರು ಸುಮ್ನೆ ಹೆದ್ದಾರಿ ಹಿಡಿಯಿರಿ, ಇದು ನಿಮಗಲ್ಲ. ಬೈಕಿನವರಿಗೆ ಪೆಟ್ರೋಲೂ ಉಳಿಯುತ್ತದೆ, ಸೊಂಟವೂ ಉಳಿಯುತ್ತದೆ. ಟಿಕೆಟಿಗೆ ಚಿಲ್ಲರೆ ಇಟ್ಟುಕೊಳ್ಳಿ. ಸಂಜೆ ಕೊನೆಯ ಬೋಟು ಎಷ್ಟು ಗಂಟೆಗೆ ಅಂತ ಹೋಗುವಾಗಲೇ ಕೇಳಿಕೊಳ್ಳಿ. ತದಡಿ ಕಡೆ ಇಳಿದವರು ಪುರಸೊತ್ತಿದ್ದರೆ ಸಾಣಿಕಟ್ಟಾದ ಉಪ್ಪಿನ ಆಗರ ನೋಡಿ. ಮಾವಿನಮಿಡಿ ಉಪ್ಪಿನಕಾಯಿಗೆ ನಮ್ಮಮ್ಮನಿಗೆ ಆ ಉಪ್ಪೇ ಆಗಬೇಕು.