ಲೇಸರ್, ಇಂಜೆಕ್ಷನ್, ಫ್ರೀಜಿಂಗ್: ನನ್ನ ಕಣ್ಣು ಮೂರನ್ನೂ ಕಂಡಿದೆ

ಸಕ್ಕರೆ ಕಾಯಿಲೆ ನನ್ನ ಕಣ್ಣಿಗೆ ಇಳಿದು ಆರು ವರ್ಷವಾಯಿತು. ಬಲಗಣ್ಣಿಗೆ ಲೇಸರ್, ಎಡಗಣ್ಣಿಗೆ ಫ್ರೀಜಿಂಗ್ ಅಂದರೆ ಕ್ರಯೋ, ಇಂಜೆಕ್ಷನ್ ಎರಡಕ್ಕೂ.

ಲೇಸರ್ ಮತ್ತು ಕ್ರಯೋ ಮಾಡುವ ಕೆಲಸ ಒಂದೇ. ರಕ್ತ ಸರಿಯಾಗಿ ಸಿಗದ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದ ಪರದೆ, ವಿಇಜಿಎಫ್ ಅನ್ನೋ ಪ್ರೋಟೀನ್ ಬಿಡುತ್ತದೆ. ಅದರಿಂದ ಹುಟ್ಟುವ ಹೊಸ ರಕ್ತನಾಳಗಳು ತುಂಬಾ ನಾಜೂಕು, ಒಡೆದು ಕಣ್ಣೊಳಗೆ ರಕ್ತ ಸೋರುತ್ತದೆ. ಆ ಪ್ರೋಟೀನ್ ಕಡಿಮೆಯಾಗಲಿ ಅಂತಲೇ ರೆಟಿನಾದ ಅಂಚನ್ನು ಒಂದು ಸುಡುತ್ತದೆ, ಇನ್ನೊಂದು ಹೆಪ್ಪುಗಟ್ಟಿಸುತ್ತದೆ.

ಲೇಸರ್‌ನಲ್ಲಿ ಸ್ಟ್ಯಾಂಡಿನ ಮೇಲೆ ಗಲ್ಲ ಇಟ್ಟು ಕೂರಬೇಕು. ಪಟ ಪಟ ಅಂತ ಹಸಿರು ಮಿಂಚು. ವಾಡಿಕೆಯಂತೆ 1,200ರಿಂದ 1,600 ಚುಕ್ಕಿ, ಎರಡು ಮೂರು ಸಲಕ್ಕೆ ಹಂಚಿ. ಮುಗಿದ ಮೇಲೆ ಸ್ವಲ್ಪ ಹೊತ್ತು ಗೋಡೆಯೆಲ್ಲ ನೇರಳೆ ಬಣ್ಣ. ನೋವು ತಡೆಯುವಂಥದ್ದೇ. ಆದರೆ ಕತ್ತಲಲ್ಲಿ ಆ ಕಣ್ಣು ಈಗ ಮಂದ, ಪಕ್ಕದ ನೋಟವೂ ಕಡಿಮೆ.

ಎಡಗಣ್ಣಿಗೂ ಲೇಸರ್ ಮಾಡೋಣ ಅನ್ನುವಷ್ಟರಲ್ಲಿ ಒಳಗೆ ರಕ್ತ ತುಂಬಿತು. ಬೆಳಕೇ ಒಳಗೆ ಹೋಗದಿದ್ದರೆ ಲೇಸರ್ ಏನು ಮಾಡೀತು? ಕ್ರಯೋಗೆ ಬೆಳಕು ಬೇಡ. ಪೆನ್ನಿನಂಥ ಕಡ್ಡಿಯನ್ನು ಕಣ್ಣುಗುಡ್ಡೆಯ ಹೊರಗಿನಿಂದಲೇ ಒತ್ತುತ್ತಾರೆ. ಮರಗಟ್ಟುವ ಸೂಜಿ ಕೊಟ್ಟಿದ್ದರೂ ಆ ಒತ್ತಡ ಗೊತ್ತಾಗುತ್ತಿತ್ತು. ಗ್ಯಾಸ್ ಬಿಟ್ಟಾಗ ಸುಯ್ ಅನ್ನುವ ಸದ್ದು. ಮಂಜು ಕರಗುವ ತನಕ ಕಡ್ಡಿ ಅಂಟಿಕೊಂಡೇ ಇರುತ್ತದೆ, ಆಮೇಲೆ ಮುಂದಿನ ಜಾಗ. ಮರುದಿನ ರೆಪ್ಪೆ ಊದಿ ಕಣ್ಣು ತೆರೆಯಲೇ ಆಗಲಿಲ್ಲ. ಬಿಳಿಗುಡ್ಡೆ ಕೆಂಪು ಜೆಲ್ಲಿ ಥರ ಉಬ್ಬಿತ್ತು. ಲೇಸರ್‌ಗಿಂತ ಈ ನೋವು ತುಂಬಾ ಜಾಸ್ತಿ, ಮುಚ್ಚಿಟ್ಟು ಹೇಳಲ್ಲ. ಅಷ್ಟೇ ಅಲ್ಲ, ಹೊಸ ನಾಳಗಳ ಜೊತೆ ಬೆಳೆದ ಪೊರೆ ಕುಗ್ಗಿ ರೆಟಿನಾವನ್ನೇ ಎಳೆಯುವ ಭಯವೂ ಇದೆ. ಅದಕ್ಕೇ ನನಗೆ ಮೊದಲು ಅಲ್ಟ್ರಾಸೌಂಡ್ ಮಾಡಿ ನೋಡಿದ್ದರು. ನಿಮಗೂ ಕ್ರಯೋ ಮಾಡಿಸಿ ಅಂತ ಹೇಳಿದರೆ, ಸ್ಕ್ಯಾನ್‌ನಲ್ಲಿ ಎಳೆತ ಕಾಣುತ್ತಿದೆಯಾ ಅಂತ ಕೇಳಿಯೇ ಒಪ್ಪಿ.

ವಿಇಜಿಎಫ್ ತಡೆಯುವ ಔಷಧಿಯನ್ನು ಕಣ್ಣೊಳಗೇ ಕೊಡುವ ಇಂಜೆಕ್ಷನ್ ಮೂರರಲ್ಲಿ ಹಗುರ. ಮೊದಲು ಕಣ್ಣು ಶುಚಿ ಮಾಡುವ ಕಂದು ಬಣ್ಣದ ಔಷಧಿಯ ಉರಿ, ಒಂದು ಚುಚ್ಚು, ಕೆಲವೊಮ್ಮೆ ಒಂದೆರಡು ದಿನ ತೇಲುವ ಕರಿ ಗುಳ್ಳೆ. ಮ್ಯಾಕ್ಯುಲಾ ಅಂದರೆ ರೆಟಿನಾದ ನಡುಭಾಗದ ಊತಕ್ಕೆ ಇದರಷ್ಟು ಒಳ್ಳೇದು ನನಗೆ ಬೇರೆ ಸಿಗಲಿಲ್ಲ. ಆದರೆ ಮೊದಮೊದಲು ತಿಂಗಳು ತಿಂಗಳು ಹೋಗಬೇಕು. ಎರಡು ತಿಂಗಳು ತಪ್ಪಿಸಿದೆ, ಓದುವ ಸಾಲುಗಳು ಮತ್ತೆ ಸೊಟ್ಟಗಾದವು. ತಾರೀಖು ತಪ್ಪಿಸದೆ ಹೋಗಲು ಆಗದವರಿಗೆ ಹೊಸ ರಕ್ತನಾಳ ಬಂದಿದ್ದರೆ ಲೇಸರ್ರೇ ವಾಸಿ ಅಂತ ನನ್ನ ಅನಿಸಿಕೆ. ಅದು ಒಂದು ಸಲ ಹಿಡಿದರೆ ವರ್ಷಗಟ್ಟಲೆ ನಿಲ್ಲುತ್ತದೆ.

ಕ್ರಯೋ ನಾನು ಬೇಕು ಅಂತ ಆರಿಸಿಕೊಂಡದ್ದಲ್ಲ, ಬೇರೆ ದಾರಿ ಮುಚ್ಚಿತ್ತು. ಎರಡು ತಿಂಗಳಲ್ಲಿ ರಕ್ತ ನಿಧಾನಕ್ಕೆ ತಿಳಿಯಾಯಿತು. ಒಂದು ಬೆಳಿಗ್ಗೆ ಬಲಗಣ್ಣು ಮುಚ್ಚಿ ನೋಡಿದೆ. ಕಿಟಕಿಯ ಸರಳುಗಳನ್ನು ಎಣಿಸಲು ಆಯಿತು. ಏಳಿದ್ದವು.