ಕೆಂಧೂಳಿನ ನಾಡಿನಲ್ಲಿ ಆರು ವರ್ಷ: ಹಳೆಯ ಡಿಎಸ್‌ಎಲ್‌ಆರ್ ಒಂದರ ಬಳಕೆಯ ಅನುಭವ

ಉದ್ಯೋಗದ ನಿಮಿತ್ತ ಆಸ್ಟ್ರೇಲಿಯದ ನಟ್ಟನಡುವಿನ ಆಲಿಸ್ ಸ್ಪ್ರಿಂಗ್ಸ್‌ಗೆ ಬಂದ 2018ರಲ್ಲಿ ಈ ಕ್ಯಾಮೆರಾವನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಂಡೆ. ಇದು ಎಪಿಎಸ್-ಸಿ ಎಂಬ ಮಧ್ಯಮ ಅಳತೆಯ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಫಲಕ) ಇರುವ, ಧೂಳು ಮತ್ತು ತುಂತುರು ನುಸುಳದಂತೆ ಸಂದುಗಳಿಗೆ ರಬ್ಬರ್ ಪಟ್ಟಿ ಕೂರಿಸಿದ, ಒಳಗಿನ ಕನ್ನಡಿಯ ಮೂಲಕ ಲೆನ್ಸ್‌ನ ನೋಟವನ್ನೇ ಕಣ್ಣಿಗೆ ತೋರಿಸುವ ಡಿಎಸ್‌ಎಲ್‌ಆರ್. ಜೊತೆಗೆ ಬಂದದ್ದು ಅದೇ ಬಗೆಯ ರಕ್ಷಣೆಯ 18–135 ಮಿ.ಮೀ. ಜೂಮ್ ಲೆನ್ಸ್. ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇಲ್ಲಿ ಹೇಳುವ ಗುಣದೋಷಗಳಲ್ಲಿ ಹೆಚ್ಚಿನವು ಈ ವರ್ಗದ ಎಲ್ಲ ಕ್ಯಾಮೆರಾಗಳಿಗೂ ಸಲ್ಲುತ್ತವೆ.

ಔಟ್‌ಬ್ಯಾಕ್‌ನಲ್ಲಿ (ಆಸ್ಟ್ರೇಲಿಯದ ಒಣ ಒಳನಾಡಿನಲ್ಲಿ) ಕ್ಯಾಮೆರಾದ ಮೊದಲ ಶತ್ರು ಧೂಳು. ಸಂಡೂರಿನ ಅದಿರು ಲಾರಿಗಳ ಹಿಂದೆ ಸೈಕಲ್ ತುಳಿದು ಬೆಳೆದ ನನಗೆ ಕೆಂಧೂಳು ಹೊಸದಲ್ಲ. ಇಲ್ಲಿಯೂ ಮಣ್ಣು ಕೆಂಪಾಗಿರುವುದು ಕಬ್ಬಿಣದ ಆಕ್ಸೈಡ್‌ನಿಂದಲೇ. ಆದರೆ ಇಲ್ಲಿನ ಪುಡಿ ಅರಿಶಿನದಷ್ಟು ನಯ, ಕೈಗಂಟಿದರೆ ಒರೆಸಿದಷ್ಟೂ ಹರಡುತ್ತದೆ. ಮೊದಲ ವರ್ಷ ಮೆರೀನಿ ಲೂಪ್ ಎಂಬ ಮಣ್ಣುರಸ್ತೆಯ ಬದಿಯಲ್ಲಿ ಕಾಡುಕುದುರೆಗಳ ಹಿಂಡು ಕಂಡು, ಅವಸರದಲ್ಲಿ ಜೂಮ್ ತೆಗೆದು ಟೆಲಿ ಲೆನ್ಸ್ ಹಾಕುವಷ್ಟರಲ್ಲಿ ಒಂದು ಜೀಪು ಪಕ್ಕದಲ್ಲೇ ಹಾದುಹೋಯಿತು. ಮರುವಾರ ಕಾಟಾ ಟ್ಯೂಟಾ ಎಂಬ ಬಂಡೆಬೆಟ್ಟದ ಗುಮ್ಮಟಗಳನ್ನು ಎಫ್/16ರಲ್ಲಿ, ಅಂದರೆ ಲೆನ್ಸ್‌ನ ಬೆಳಕಿನ ಕಿಂಡಿಯನ್ನು (ಅಪರ್ಚರ್) ತೀರ ಕಿರಿದಾಗಿಸಿ, ತೆಗೆದ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದರೆ, ನೀಲಿ ಆಕಾಶದ ತುಂಬ ಎಳ್ಳು ಚೆಲ್ಲಿದಂತೆ ಕಪ್ಪು ಚುಕ್ಕೆಗಳು! ಎಫ್/5.6ರ ಚಿತ್ರಗಳಲ್ಲಿ ಅವು ಕಾಣುವುದಿಲ್ಲ, ಅಪರ್ಚರ್ ಕಿರಿದಾದಂತೆ ಮೂಡುತ್ತವೆ. ಹೀಗಾಗಿ ಸೆನ್ಸರ್ ಕೊಳೆಯಾಗಿರುವುದು ಎಷ್ಟೋ ದಿನ ಗೊತ್ತೇ ಆಗುವುದಿಲ್ಲ. ಅಂದಿನಿಂದ ಜೂಮ್ ಲೆನ್ಸನ್ನು ಹೊರಗೆ ಎಲ್ಲಿಯೂ ಕಳಚಿಲ್ಲ, ಮನೆಗೆ ಬಂದ ಮೇಲೆ ರಬ್ಬರ್ ಬ್ಲೋವರ್‌ನಿಂದ ಮಾತ್ರ ಗಾಳಿ ಊದುತ್ತೇನೆ. ಈ ಕ್ಯಾಮೆರಾ ಆರು ವರ್ಷ ಬಾಳಿದ್ದರಲ್ಲಿ ರಬ್ಬರ್ ಪಟ್ಟಿಗಿಂತ ಈ ಕಟ್ಟುಪಾಡಿನ ಪಾಲೇ ದೊಡ್ಡದು.

ಕನ್ನಡಿಯ ಕ್ಯಾಮೆರಾಗಳ ಕಾಲ ಮುಗಿಯಿತೆನ್ನುವವರು ಇಲ್ಲಿನ ಮಧ್ಯಾಹ್ನವನ್ನು ಒಮ್ಮೆ ನೋಡಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಆ ಬಿಸಿಲಿನಲ್ಲಿ ಹಿಂಬದಿಯ ಪರದೆ ಬರೀ ಕಪ್ಪು ಗಾಜು. ಕಣ್ಣಿಟ್ಟು ನೋಡುವ ಗಾಜಿನ ವ್ಯೂಫೈಂಡರ್‌ಗೆ ಬಿಸಿಲಿನ ಹಂಗಿಲ್ಲ, ಅದು ಬ್ಯಾಟರಿಯನ್ನೂ ತಿನ್ನುವುದಿಲ್ಲ. ಸುಮಾರು 223 ಕಿ.ಮೀ. ಉದ್ದದ ಲಾರಪಿಂಟಾ ಕಾಲುಹಾದಿಯ ಒಂದು ಭಾಗವನ್ನು ಐದು ದಿನ ನಡೆದಾಗ ಎರಡು ಬ್ಯಾಟರಿ ಸಾಕಾದವು. ಜುಲೈ ತಿಂಗಳ ರಾತ್ರಿಗಳಲ್ಲಿ ಚಳಿ ಸೊನ್ನೆಗಿಂತ ಕೆಳಗಿಳಿಯುವುದರಿಂದ ಅವನ್ನು ಮಲಗುವ ಚೀಲದೊಳಗೇ ಇಟ್ಟುಕೊಳ್ಳುತ್ತಿದ್ದೆ. ನೊಣಗಳ ಕಾಟಕ್ಕೆ ಮುಖಕ್ಕೆ ಬಲೆ ಹಾಕಿಕೊಂಡು ವ್ಯೂಫೈಂಡರ್‌ನಲ್ಲಿ ಕಣ್ಣಿಡುವ ವಿದ್ಯೆ ಮಾತ್ರ ನನಗೆ ಇನ್ನೂ ಒಲಿದಿಲ್ಲ.

ಬಣ್ಣದ ವಿಷಯದಲ್ಲಿ ಈ ಕ್ಯಾಮೆರಾವನ್ನು ಅದರ ಪಾಡಿಗೆ ಬಿಡುವಂತಿಲ್ಲ. ಆಟೋ ವೈಟ್ ಬ್ಯಾಲೆನ್ಸ್ (ಬಣ್ಣಗಳನ್ನು ಕ್ಯಾಮೆರಾವೇ ಸರಿದೂಗಿಸುವ ಸೌಲಭ್ಯ) ಇಟ್ಟರೆ ಮಣ್ಣಿನ ಕೆಂಪನ್ನೇ ತಪ್ಪೆಂದು ತಿಳಿದು ತಿದ್ದಿಬಿಡುತ್ತದೆ, ನೆಲ ಮಾಸಲು ಕಂದಾಗುತ್ತದೆ. ಆದ್ದರಿಂದ ಅದನ್ನು ಸದಾ ಡೇಲೈಟ್‌ನಲ್ಲಿಯೇ ಇಟ್ಟು ರಾ ಫೈಲ್ (ಕ್ಯಾಮೆರಾ ತಿದ್ದದ ಕಚ್ಚಾ ಚಿತ್ರ) ತೆಗೆಯುತ್ತೇನೆ. ಉಲುರು ಬಂಡೆಯ ಮೇಲೆ ಸಂಜೆಬಿಸಿಲು ಬಿದ್ದಾಗ ಒಟ್ಟು ಹಿಸ್ಟೋಗ್ರಾಮ್ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಸರಿಯಾಗಿ ಕಂಡರೂ ಕೆಂಪಿನ ಚಾನೆಲ್ ಒಂದೇ ಉಕ್ಕಿ, ಬಂಡೆಯ ಮೈಮೇಲಿನ ಬಿರುಕು, ಮಡಿಕೆಗಳೆಲ್ಲ ಅಳಿಸಿಹೋಗುತ್ತವೆ. ಮೂರೂ ಬಣ್ಣಗಳನ್ನು ಬೇರೆಬೇರೆಯಾಗಿ ತೋರಿಸುವ ಹಿಸ್ಟೋಗ್ರಾಮ್ ನೋಡಿ ಎಕ್ಸ್‌ಪೋಷರನ್ನು (ಒಳಬಿಡುವ ಬೆಳಕನ್ನು) ಮೂರನೇ ಎರಡು ಸ್ಟಾಪ್ (ಬೆಳಕಿನ ಅಳತೆಯ ಹಂತ) ಇಳಿಸಬೇಕು. ಈ ಸೀಮೆಯವರೇ ಆದ ಆಲ್ಬರ್ಟ್ ನಮತ್ಜಿರಾ (1902–1959) ಜಲವರ್ಣದಲ್ಲಿ ಬರೆದ ನೇರಳೆ ಬೆಟ್ಟಗಳು ಕಲಾವಿದನ ಸ್ವಾತಂತ್ರ್ಯವೆಂದೇ ನಾನು ತಿಳಿದಿದ್ದೆ. ಡೇಲೈಟ್‌ನಲ್ಲಿ ತೆಗೆದ ನನ್ನ ಬೆಳಗಿನ ಚಿತ್ರಗಳಲ್ಲಿಯೂ ಅದೇ ನೇರಳೆ ಕಂಡಾಗ ನಾಚಿಕೆಯಾಯಿತು. ಉಲುರುವಿನ ಸುತ್ತ, ಅಲ್ಲಿನ ಮೂಲನಿವಾಸಿಗಳಾದ ಅನಾಂಗು ಜನರಿಗೆ ಪವಿತ್ರವಾದ ಕೆಲವು ಜಾಗಗಳಲ್ಲಿ ಚಿತ್ರ ತೆಗೆಯಬಾರದೆಂಬ ಫಲಕಗಳಿವೆ. ಅಲ್ಲಿ ಕ್ಯಾಮೆರಾ ಚೀಲದೊಳಗಿರಬೇಕು.

ರಾತ್ರಿಯ ಕೆಲಸಕ್ಕೆ ಈ ಜೂಮ್ ಆಗದು. ಊರ ದೀಪಗಳಿಂದ ದೂರ ಹೋದರೆ ಮೆಗಲನ್ ಮೋಡಗಳು (ನೆರೆಯ ಎರಡು ಕಿರು ಗೆಲಕ್ಸಿಗಳು) ಬರಿಗಣ್ಣಿಗೇ ಕಾಣುವ ಆಕಾಶವಿದು, ಆದರೆ ಈ ಜೂಮ್‌ನ ಅತಿ ಅಗಲದ ಅಪರ್ಚರ್ ಆದ ಎಫ್/3.5ರಲ್ಲಿ ಸಾಕಷ್ಟು ಬೆಳಕು ಸಿಗುವುದಿಲ್ಲ. 14 ಮಿ.ಮೀ. ಎಫ್/2.8ರ ಮ್ಯಾನ್ಯುಯಲ್ ಲೆನ್ಸ್ ಒಂದನ್ನು ಪ್ರತ್ಯೇಕವಾಗಿ ಕೊಂಡು, ಹೊರಡುವ ಮುನ್ನ ಮನೆಯಲ್ಲೇ ಹಾಕಿಕೊಂಡು ಹೋಗುತ್ತೇನೆ. ಐಎಸ್‌ಒ (ಬೆಳಕಿಗೆ ಸೆನ್ಸರ್ ತೋರುವ ಸೂಕ್ಷ್ಮತೆ) 3200, 20 ಸೆಕೆಂಡು. ಐಎಸ್‌ಒ ಅದಕ್ಕಿಂತ ಮೇಲೆ ಹೋದರೆ ಈ ಸೆನ್ಸರ್ ಕಾಳುಕಾಳಾದ ಚಿತ್ರ ಕೊಡುತ್ತದೆ.

ಇನ್ನು ದೂರುಗಳು. ಮಣ್ಣುರಸ್ತೆಗಳ ಮೇಲ್ಮೈ ಬಟ್ಟೆ ಒಗೆಯುವ ಹಲಗೆಯಂತೆ ಏಣುಏಣಾಗಿದ್ದು, ಗಂಟೆಗಟ್ಟಲೆ ಆ ನಡುಕ ತಿಂದ ಲೆನ್ಸ್‌ನ ಸ್ಕ್ರೂಗಳು ಮೂರನೇ ವರ್ಷಕ್ಕೆ ಸಡಿಲಾದವು, ಕೆಳಮುಖ ಹಿಡಿದರೆ ಜೂಮ್ ತಾನಾಗಿ ಜಾರತೊಡಗಿತು. ಮುಂಗಾಜಿನ ಹಿಂದೆ ಸಣ್ಣ ಕೆಂಪು ಪುಡಿಯೂ ಸೇರಿತು. ಸಾಮಾನ್ಯ ಚಿತ್ರಗಳಲ್ಲಿ ಅದರಿಂದ ತೊಂದರೆಯಿಲ್ಲ, ಸೂರ್ಯನಿಗೆ ಎದುರಾಗಿ ತೆಗೆದರೆ ಮಾತ್ರ ಚಿತ್ರಕ್ಕೆ ಮಂಜು ಕವಿಯುತ್ತದೆ. ರಸ್ತೆಯಲ್ಲಿ ಸುಮಾರು 1500 ಕಿ.ಮೀ. ದೂರದ ಅಡಿಲೇಡ್‌ಗೆ ದುರಸ್ತಿಗೆ ಕಳುಹಿಸಿದೆ. ಏಳು ವಾರಗಳ ಬಳಿಕ ಸ್ಕ್ರೂ ಬಿಗಿಯಾಗಿ, ಪುಡಿ ಇದ್ದಲ್ಲೇ ಇದ್ದು, ಲೆನ್ಸ್ ಹಿಂತಿರುಗಿತು. ಬಿಸಿಲಿಗೆ ಕೈಹಿಡಿಯ ರಬ್ಬರ್ ಉಬ್ಬಿ ಎದ್ದದ್ದನ್ನು ನಾನೇ ಗೋಂದು ಹಚ್ಚಿ ಕೂರಿಸಿದ್ದೇನೆ.

ಈಗ ಕ್ಯಾಮೆರಾ ಪ್ರಯಾಣ ಮಾಡುವುದು, ಇಲ್ಲಿನವರು ತಿಂಡಿ-ಪಾನೀಯ ತಣ್ಣಗಿಡಲು ಒಯ್ಯುವ, ಎಸ್ಕಿ ಎಂದು ಕರೆಯುವ ಪೆಟ್ಟಿಗೆಯಲ್ಲಿ, ಐಸ್ ಇಲ್ಲದೆ, ಹಳೆಯ ಟವೆಲ್ ಸುತ್ತಿಕೊಂಡು. ಬಿಸಿಲು, ಧೂಳು, ನಡುಕ ಮೂರಕ್ಕೂ ಅದು ದುಬಾರಿ ಕ್ಯಾಮೆರಾ ಚೀಲಕ್ಕಿಂತ ಮೇಲು. ಕ್ಯಾಮೆರಾಕ್ಕೆ ಬದಲಿ ಹುಡುಕುವ ಯೋಚನೆ ಇನ್ನೂ ಬಂದಿಲ್ಲ. ಕಳೆದ ತಿಂಗಳು ಅದೇ ಮಾದರಿಯ ಮತ್ತೊಂದು ಜೂಮ್ ಲೆನ್ಸನ್ನು, ಇದೂ ಬಳಸಿದ್ದೇ, ಕೊಂಡು ತಂದಿದ್ದೇನೆ.