ಬೆಂಗಳೂರು–ಮಂಗಳೂರು: ವಿಮಾನವೋ, ರಾತ್ರಿ ಬಸ್ಸೋ, ಹಗಲು ರೈಲೋ?

ಬೆಂಗಳೂರು ಮತ್ತು ಮಂಗಳೂರು ವಿಮಾನ ನಿಲ್ದಾಣಗಳ ನಡುವೆ ಆಕಾಶದಲ್ಲಿ ಸುಮಾರು 300 ಕಿ.ಮೀ. ಟಿಕೆಟ್ಟಿನಲ್ಲಿ ಒಂದು ಗಂಟೆ ಚಿಲ್ಲರೆ ಎಂದಿರುತ್ತದೆ. ಅದನ್ನು ನಂಬಿ ಬನಶಂಕರಿ ಕಡೆಯಿಂದ ಹೊರಡುವವರಿಗೆ ನನ್ನ ಲೆಕ್ಕ ಇಲ್ಲಿದೆ.

ದೇವನಹಳ್ಳಿಯ ವಿಮಾನ ನಿಲ್ದಾಣ ತಲುಪಲು ವಾಯು ವಜ್ರ ಬಸ್ಸಿನಲ್ಲಿ ಎರಡು ಗಂಟೆ ಇಟ್ಟುಕೊಳ್ಳಲೇಬೇಕು, ಹೆಬ್ಬಾಳದಲ್ಲಿ ಸಿಕ್ಕಿಕೊಂಡರೆ ಅದೂ ಸಾಲದು. ಬ್ಯಾಗ್ ಕೊಡುವ ಕೌಂಟರ್ ವಿಮಾನ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುವುದರಿಂದ ಇನ್ನೂ ಅರ್ಧ ಗಂಟೆ ಮುಂಚೆ ಅಲ್ಲಿರಬೇಕು. ಬಜ್ಪೆಯಲ್ಲಿ ಇಳಿದು, ಬ್ಯಾಗಿಗೆ ಕಾದು, ಮಂಗಳೂರು ಪೇಟೆಯ ಹಂಪನಕಟ್ಟೆ ಸೇರಲು ಮತ್ತೊಂದು ಗಂಟೆ. ಅಂತೂ ಐದೂವರೆ ಗಂಟೆ. ಅದರಲ್ಲಿ ನಿಜಕ್ಕೂ ಹಾರುವುದು ಮುಕ್ಕಾಲು ಗಂಟೆ!

ಇಷ್ಟು ಹತ್ತಿರದ ಊರಿಗೆ ಜೆಟ್ ಆದರೇನು, ಪ್ರೊಪೆಲ್ಲರಿನ ಪುಟ್ಟ ಎಟಿಆರ್ ವಿಮಾನ ಆದರೇನು? ಜೆಟ್ ಗಂಟೆಗೆ 800 ಕಿ.ಮೀ. ಹಾರಬಲ್ಲದು, ಆದರೆ ಮೇಲೇರಿ ನೆಟ್ಟಗಾಗುವಷ್ಟರಲ್ಲಿ ಇಳಿಯುವ ಹೊತ್ತು. 500ರ ಆಸುಪಾಸಿನಲ್ಲಿ ಹೋಗುವ ಎಟಿಆರ್ ಹಿಂದೆ ಬೀಳುವುದು ಹದಿನೈದು–ಇಪ್ಪತ್ತು ನಿಮಿಷ ಅಷ್ಟೇ. ನೀರಿನ ತಳ್ಳುಗಾಡಿ ಹಿಂದಿನ ಸಾಲು ಮುಟ್ಟುವ ಮೊದಲೇ ಬೆಲ್ಟ್ ಕಟ್ಟಿಕೊಳ್ಳಿ ಎಂಬ ಘೋಷಣೆ ಬರುತ್ತದೆ. ಬಜ್ಪೆಯದು ಗುಡ್ಡದ ನೆತ್ತಿ ಸಮತಟ್ಟು ಮಾಡಿ ಕಟ್ಟಿದ ರನ್‌ವೇ. ಜುಲೈನಲ್ಲಿ ಮೋಡ ಕವಿದರೆ ಮೇಲೆಯೇ ಸುತ್ತು ಹೊಡೆಯಬೇಕು. ಒಮ್ಮೊಮ್ಮೆ ಹೊರಟ ಊರಿಗೇ ವಾಪಸ್.

ರಾತ್ರಿ ಬಸ್ಸಿಗೆ ರಸ್ತೆಯಲ್ಲಿ 350 ಕಿ.ಮೀ., ಏಳೆಂಟು ಗಂಟೆ. ಮೆಜೆಸ್ಟಿಕ್‌ನಲ್ಲಿ ಊಟ ಮುಗಿಸಿ ಹತ್ತಿದರೆ ಬೆಳಿಗ್ಗೆ ಮಂಗಳೂರಿನ ಬಿಜೈ ಬಸ್ ನಿಲ್ದಾಣ. ಹಗಲು ಪೂರ್ತಿ ಕೈಯಲ್ಲೇ ಉಳಿಯುತ್ತದೆ, ನನ್ನ ಮಟ್ಟಿಗೆ ಇದೇ ಗೆದ್ದಿತು. ಕೆಳಗಿನ ಬರ್ತ್ ಹಿಡಿಯಿರಿ. ಶಿರಾಡಿಯ ತಿರುವುಗಳಲ್ಲಿ ಮೇಲಿನವರು ಗೋಡೆಯಿಂದ ಪರದೆಗೆ, ಪರದೆಯಿಂದ ಗೋಡೆಗೆ ಉರುಳುತ್ತಿರುತ್ತಾರೆ. ಮಳೆಗಾಲದಲ್ಲಿ ದೋಣಿಗಲ್ ಹತ್ತಿರ ಮಣ್ಣು ಕುಸಿದರೆ ಮಾತ್ರ ಯಾವ ಲೆಕ್ಕವೂ ನಡೆಯದು.

ಯಶವಂತಪುರದಿಂದ ಬೆಳಿಗ್ಗೆ ಬಿಡುವ ರೈಲು ಒಂಬತ್ತು ಗಂಟೆಯ ಆಸುಪಾಸು ತೆಗೆದುಕೊಳ್ಳುತ್ತದೆ. ಸಮಯ ನೋಡಿದರೆ ಇದಕ್ಕೇ ಕೊನೆಯ ಸ್ಥಾನ. ಆದರೆ ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ 55 ಕಿ.ಮೀ. ಘಾಟಿಯಲ್ಲಿ 57 ಸುರಂಗಗಳಿವೆ, ವೇಗ ಗಂಟೆಗೆ 30 ಕಿ.ಮೀ. ಮೀರುವುದಿಲ್ಲ. 2021ರಿಂದ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಯೂ ಉಂಟು. ಮೊದಲ ಸುರಂಗದಲ್ಲಿ ಮಕ್ಕಳು ಕೂಗು ಹಾಕುತ್ತಾರೆ, ಹತ್ತನೆಯದರ ಹೊತ್ತಿಗೆ ಅಪ್ಪಂದಿರೂ ಶುರು. ಎಡಕುಮೇರಿಯಲ್ಲಿ ನಿಂತಾಗ ಕಿಟಕಿಯಾಚೆ ಬರೀ ಕಾಡು. ಆಗಸ್ಟ್‌ನಲ್ಲಿ ರಜೆ ಇದ್ದರೆ ನಾನು ಬೇರೆ ಯೋಚನೆಯನ್ನೇ ಮಾಡುವುದಿಲ್ಲ. ಇಳಿಸುವುದು ಪಡೀಲ್ ಕಡೆಯ ಜಂಕ್ಷನ್‌ನಲ್ಲಿ, ಪೇಟೆಗೆ ಆಟೋ ಹಿಡಿಯಬೇಕು.

ಯಲಹಂಕದಲ್ಲಿರುವ ನನ್ನ ತಂಗಿ ಇದನ್ನು ಒಪ್ಪುವುದಿಲ್ಲ. ಅವಳ ಮನೆಯಿಂದ ವಿಮಾನ ನಿಲ್ದಾಣಕ್ಕೆ ಅರ್ಧ ಗಂಟೆ, ನಾಲ್ಕು ಗಂಟೆಯಲ್ಲಿ ಅಮ್ಮನ ಎದುರು ಕೂತಿರುತ್ತಾಳೆ. ಬರುವಾಗ ಕುಚ್ಚಲಕ್ಕಿ, ತೆಂಗಿನೆಣ್ಣೆ, ಹಲಸಿನ ಹಪ್ಪಳದ ಗಂಟು ವಿಮಾನದ 15 ಕಿಲೋ ಮಿತಿ ದಾಟುತ್ತದೆ. ಆಗ ಅವಳಿಗೂ ಬಸ್ಸೇ ಗತಿ.